ಹೊಳೆ ಏರುವ ಮೀನಿಗೆ ದಾರಿ ಬಿಡೋಣ

ಮಿರಗ ಕೂಡಿತೆಂದರೆ ನಮ್ಮ ಸಂತೆಗಳಲ್ಲಿ ಮೀನಿಗೆ ಎಲ್ಲಿಲ್ಲದ ಗಿರಾಕಿ. ಜೂನ್ 7-8ರ ಸುಮಾರಿಗೆ ಮೃಗಶಿರಾ ಕಾರ್ತೆ ಬಂದ ದಿನ ಮೀನು ತಿನ್ನಬೇಕೆಂಬುದು ತೆಲಂಗಾಣದ ಹಳೆಯ ರೂಢಿ. ಆದರೆ ಮೀನಿನ ಪಂಚಾಂಗವೇ ಬೇರೆ. ಅದರಲ್ಲಿ ಇದು ಹೊಟ್ಟೆ ತುಂಬ ತತ್ತಿ ಹೊತ್ತಿರುವ ಕಾಲ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಅಲ್ಲಿ ತಾವಾಗಿ ತತ್ತಿ ಇಡುವುದಿಲ್ಲ. ಮಳೆಗಾಲದ ಕೆಂಪು ನೀರು ಬಂದಾಗ ಸೆಳವಿಗೆ ಎದುರಾಗಿ ಈಜಿ, ದಡ ಮೀರಿ ಹರಡಿದ ತೆಳು ನೀರಿನಲ್ಲಿ ತತ್ತಿ ಬಿಡುತ್ತವೆ. ಹೀಗೆ ಹೊಳೆ ಏರುವ ಮೀನನ್ನು ಮಲೆನಾಡಿನವರು 'ಹತ್ತುಮೀನು' ಎನ್ನುತ್ತಾರೆ. ಇದು ಸಂಖ್ಯೆಯ ಹತ್ತಲ್ಲ, ಮರ ಹತ್ತುವ ಹತ್ತು. ದೂರದ ಅಮೆರಿಕಾದಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ತಾನು ಹುಟ್ಟಿದ ಹೊಳೆಗೇ ಏರಿ ಬರುತ್ತದೆ. ಅದರ ಸಂತಾನ ಕುಗ್ಗಿತೆಂದು ಕ್ಯಾಲಿಫೋರ್ನಿಯಾದವರು 2023 ಮತ್ತು 2024ರಲ್ಲಿ ಸಮುದ್ರದ ಸಾಲ್ಮನ್ ಬೇಟೆಯನ್ನೇ ನಿಲ್ಲಿಸಿದರು.

ಬ್ಯಾಂಕಿನಲ್ಲಿ ಅಸಲು-ಬಡ್ಡಿ ಬರೆಯುತ್ತ ಕೂದಲು ನರೆತವನು ನಾನು. ಆ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಬೆಳೆದ ರೋಹುವಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ತತ್ತಿ. ಮಳೆ ಕಳೆದ ಮೇಲೆ ಹಿಡಿದ ಮೀನು ಬಡ್ಡಿ. ಏರುವಾಗ ಹಿಡಿದದ್ದು ಅಸಲು.

ಮರಿಯನ್ನು ಸರಕಾರ ತಂದು ಬಿಡುತ್ತದಲ್ಲ ಎನ್ನುವವರಿದ್ದಾರೆ. ನಿಜ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಅವರು ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳಿಗೆ ತತ್ತಿ ಇಡಿಸಿ ತೋರಿಸಿದರು. ಅದರಿಂದಲೇ ಕೆರೆಗೆ ಮರಿ ಸಿಗುವಂತಾಯಿತು. ಆದರೆ ಹೊಳೆಯ ಎಲ್ಲ ಮೀನಿಗೂ ಯಾರು ಮರಿ ತಂದಾರು? 2016ರಲ್ಲಿ ತೆಲಂಗಾಣದ ರಾಜ್ಯ ಮೀನೆಂದು ಘೋಷಿತವಾದ ಕೊರ್ರಮೀನನ್ನೇ ನೋಡಿ. ಅದು ದಡದ ಜೊಂಡಿನಲ್ಲಿ ಗೂಡು ಮಾಡಿ, ಕೆಂಪು ಮರಿಗಳ ಹಿಂಡನ್ನು ಕಾಯುತ್ತದೆ. ಕಾಯುವ ಮೀನನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೆ ತುತ್ತು.

ಆದ್ದರಿಂದ ನಾಲ್ಕು ಮಾತು ನೆನಪಿಡೋಣ. ಹೊಸ ನೀರು ಬಂದಾಗ ಹಳ್ಳದ ಬಾಯಿಗೆ ಅಡ್ಡಲಾಗಿ ಬಲೆ, ಬುಟ್ಟಿ ಒಡ್ಡಬೇಡಿ. ಮರಿ ಸಿಕ್ಕುವ ಸಣ್ಣ ಕಣ್ಣಿನ ಬಲೆ ಬೇಡ. ಮದ್ದು ಸಿಡಿಸುವುದು, ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯಿದೆಯಲ್ಲೇ ಅಪರಾಧ. ಮಿರಗದ ಊಟಕ್ಕೆ ಸಾಕಿದ ಕೆರೆಯ ಮೀನೇ ಸಾಕು.

ಇನ್ನೊಂದು ಮಾತು. ಜಹೀರಾಬಾದಿನ ನಾರಿಂಜ ಬೀದರ ಸೀಮೆಗೆ ಹರಿಯುತ್ತದೆ. ಬೀದರ ಸೀಮೆಯ ಮಂಜೀರಾ ನಾರಾಯಣಖೇಡದ ಕಡೆ ಬಂದು ಸಿಂಗೂರು ಸೇರುತ್ತದೆ. ತಾಂಡೂರಿನ ಕಾಗಿಣಾ ಕಲಬುರಗಿ ಜಿಲ್ಲೆಗೆ ಹೋಗಿ ಭೀಮೆಯನ್ನು ಕೂಡುತ್ತದೆ. ಗಡಿ ಕಲ್ಲು ನಮಗೆ, ಮೀನಿಗಲ್ಲ. ಅಲ್ಲಿ ಮೀನೆಂದರೂ ಇಲ್ಲಿ ಚೇಪ ಎಂದರೂ ಅದು ಒಂದೇ ಜೀವ. ಈ ದಡದಲ್ಲಿ ಉಳಿದ ತತ್ತಿ ಆ ದಡದ ಬೆಸ್ತರ ಮನೆಯ ಅನ್ನವಾದೀತು; ಅಲ್ಲಿ ಉಳಿದದ್ದು ನಮ್ಮವರ ಬಲೆಗೂ ಬಂದೀತು. ಎರಡು ತಿಂಗಳು ದಾರಿ ಬಿಟ್ಟರೆ ಹತ್ತು ತಿಂಗಳು ಹೊಳೆ ನಮ್ಮನ್ನು ಸಾಕುತ್ತದೆ.