ಮೂಲೆಯಲ್ಲಿ ಉಳಿದ ಅನ್ನ

ಬುಧವಾರ ರಾತ್ರಿ ಅಮ್ಮ ಕೈ ತೊಳೆಯಲು ಎದ್ದ ಮೇಲೆ ನೋಡಿದರೆ, ತಟ್ಟೆಯ ನಾಲ್ಕೂ ಮೂಲೆಗಳಲ್ಲಿ ಮಜ್ಜಿಗೆ ಅನ್ನ ಉಳಿದಿತ್ತು. ಒಂದು ಅಗುಳನ್ನೂ ಬಿಟ್ಟು ಎದ್ದವಳಲ್ಲ ಅವಳು. ಮನಸ್ಸಿಗೆ ಕಸಿವಿಸಿಯಾಯಿತು.

ಕಣ್ಣು ಮಂಜಾದ ಮೇಲೆ ಅವಳು ಉಣ್ಣುವ ರೀತಿಯೇ ಬೇರೆ. ಕೂತ ಕೂಡಲೇ ತೋರುಬೆರಳು ತಟ್ಟೆಯ ಅಂಚಿಗುಂಟ ಒಂದು ಸುತ್ತು ಬರುತ್ತದೆ. ಎಲ್ಲಿ ಪಲ್ಯ, ಎಲ್ಲಿ ಚಟ್ನಿ, ಅನ್ನ ಎಷ್ಟಿದೆ, ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಊಟದ ಕೊನೆಗೆ ಮತ್ತೊಂದು ಸುತ್ತು. ಆಮೇಲೆ ತಟ್ಟೆ ತೊಳೆದಿಟ್ಟ ಹಾಗಿರುತ್ತದೆ. ಬುಧವಾರ ನಾನು ಬಡಿಸಿದ್ದು ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಪಿಂಗಾಣಿಯ ಚೌಕ ತಟ್ಟೆಯಲ್ಲಿ. ಹಾಲಿನ ಬಣ್ಣದ್ದು, ನೋಡಲು ಚೆಂದ. ಅಮ್ಮನ ಬೆರಳು ಎಂದಿನಂತೆ ಸುತ್ತು ಹೊರಟಿತು, ಮೂಲೆ ತಾಗಿ ನಿಂತಿತು, ದಾರಿ ತಪ್ಪಿದಂತೆ ನಡುವಿಗೆ ಬಂತು. "ಇದೇನೋ, ಈ ತಟ್ಟೆಗೆ ಕೊನೆಯೇ ಸಿಗಲ್ವಲ್ಲ" ಅಂದಳು.

ಊಟದ ತಟ್ಟೆ ಸಾಮಾನ್ಯವಾಗಿ ದುಂಡಗೇ ಏಕಿರುತ್ತದೆ ಎಂಬ ಪ್ರಶ್ನೆ ಅಲ್ಲಿಂದ ನನ್ನನ್ನು ಹಿಡಿದುಕೊಂಡಿದೆ.

ಬರೀ ಲೆಕ್ಕ ನೋಡಿದರೆ ಚೌಕವೇ ಲಾಭ. ಸ್ಟೀಲ್ ತಟ್ಟೆ ಹುಟ್ಟುವುದು ದೊಡ್ಡ ಹಾಳೆಯಿಂದ ಕತ್ತರಿಸಿದ ಬಿಲ್ಲೆಯಾಗಿ. ಪಾತ್ರೆ ಮಾಡುವವರು ಅದನ್ನು ಸರ್ಕಲ್ ಎಂದೇ ಕರೆಯುತ್ತಾರೆ. ಹಾಳೆಯ ಮೇಲೆ ಚೌಕುಳಿ ಎಳೆದು ಒಂದೊಂದು ಮನೆಯಿಂದ ಒಂದೊಂದು ಬಿಲ್ಲೆ ತೆಗೆದರೆ, ನೂರರಲ್ಲಿ 78 ಚಿಲ್ಲರೆ ಪಾಲು ತಟ್ಟೆಗೆ ಸಿಕ್ಕಿ 21ಕ್ಕೂ ಹೆಚ್ಚು ಚೂರಾಗಿ ಉಳಿಯುತ್ತದೆ. ಜೇನುಗೂಡಿನ ಕಣ್ಣುಗಳಂತೆ ಒತ್ತೊತ್ತಾಗಿ ಜೋಡಿಸಿದರೂ 90ರ ಆಸುಪಾಸಿಗೇ ನಿಲ್ಲಬೇಕು. ಇಷ್ಟು ಚೂರು ಬಿದ್ದರೂ ದುಂಡನ್ನು ಬಿಡದಿರುವುದಕ್ಕೆ ಒಂದು ಕಾರಣ ಅಂಚಿನಲ್ಲಿದೆ. ಬಿಲ್ಲೆಯನ್ನು ಒತ್ತಿ ಅಂಚು ಎಬ್ಬಿಸುವಾಗ ಎಳೆತ ಸುತ್ತಲೂ ಒಂದೇ ಸಮ. ಚೌಕವಾದರೆ ಮೂಲೆಗೆ ತಗಡು ಬಂದು ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ. ಮಣ್ಣಿನದ್ದಾದರೆ ಮೂಲೆ ಬೇಗ ಒಣಗಿ ಸೆಟೆದುಕೊಳ್ಳುತ್ತದೆ. ಚೌಕ ತಟ್ಟೆ ಮಾಡಲು ಬರುವುದಿಲ್ಲ ಎಂದಲ್ಲ, ಅದರ ಒಂದೊಂದು ಮೂಲೆಗೂ ಬೇರೆ ಜತನ ಬೇಕು.

ಯಂತ್ರದ ಮಾತು ಅಷ್ಟು ಸಾಕು. ನನಗೆ ನೆನಪಾಗುತ್ತಿರುವುದು ಅಜ್ಜಿ ಮುತ್ತುಗದ ಎಲೆ ಹಚ್ಚುತ್ತಿದ್ದ ಮಧ್ಯಾಹ್ನಗಳು. ಜಗಲಿಯ ಮೇಲೆ ಕಾಲು ಚಾಚಿ ಕೂರುವಳು. ನಡುವಿಗೆ ಒಂದು ಅಗಲದ ಎಲೆ. ಅದರ ಅಂಚಿಗೆ ಇನ್ನೊಂದು, ಅದನ್ನು ಒಂದಿಷ್ಟು ಮುಚ್ಚುವಂತೆ ಮತ್ತೊಂದು. ಕಡ್ಡಿ ಚುಚ್ಚುವುದು, ಮೇಲಕ್ಕೆ ತೆಗೆಯುವುದು, ಉಳಿದದ್ದನ್ನು ಚಟಕ್ಕೆಂದು ಮುರಿಯುವುದು. ಬಲಗೈ ಇದ್ದಲ್ಲೇ ಇರುತ್ತಿತ್ತು, ತಿರುಗುತ್ತಿದ್ದುದು ಎಡಗೈಯ ಎಲೆ. ಮೊದಲು ಹಚ್ಚಿದ ಎಲೆ ಸುತ್ತಿ ಬಂದು ಮತ್ತೆ ಹೆಬ್ಬೆರಳಿನ ಕೆಳಗೆ ಸಿಕ್ಕಿತೆಂದರೆ ಊಟದೆಲೆ ಸಿದ್ಧ. ದುಂಡಗಿರಲಿ ಎಂದು ಅವಳು ಅಳೆದವಳಲ್ಲ. ತಿರುಗಿಸುತ್ತ ತಿರುಗಿಸುತ್ತ ಹಚ್ಚಿದ್ದು ಇನ್ನೇನಾದೀತು?

ಜೋಳದ ರೊಟ್ಟಿ ಬಡಿಯುವವರನ್ನು ನೋಡಿದ್ದೀರಲ್ಲ, ಅಂಗೈಯ ಏಟು ಬಿದ್ದಂತೆಲ್ಲ ಹಿಟ್ಟು ತಾನಾಗಿಯೇ ತುಸು ತುಸು ತಿರುಗಿಕೊಳ್ಳುತ್ತದೆ. ಕುಂಬಾರರ ತಿಗುರಿಯ ಮೇಲಿನ ಮಣ್ಣಂತೂ ಸರಿಯೇ ಸರಿ. ತಾಮ್ರ, ಹಿತ್ತಾಳೆ ಬಡಿಯುವವರದೂ ಹೀಗೆಯೇ, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ತಿರುಗುವ ತಗಡು. ನಮ್ಮ ಗಂಗಾಳ, ತಣಿಗೆ, ತಟ್ಟೆಗಳ ದುಂಡು ಬಂದದ್ದು ಈ ತಿರುಗುವಿಕೆಯಿಂದ ಎಂದು ನನಗನ್ನಿಸುತ್ತದೆ. ತಟ್ಟೆ ಎನ್ನುವಾಗಲೆಲ್ಲ ತಟ್ಟುವ ಸದ್ದೂ ನನ್ನ ಕಿವಿಗೆ ಬೀಳುತ್ತದೆ.

ಬಾಳೆ ಎಲೆಯ ಕಥೆ ಬೇರೆ. ಅದು ಯಾರ ಕೈಯಲ್ಲೂ ತಿರುಗಿದ್ದಲ್ಲ, ಗಿಡದಲ್ಲಿ ಬೆಳೆದದ್ದು. ಅದಕ್ಕೊಂದು ಕುಡಿ ಇದೆ, ಬುಡ ಇದೆ, ಹಾಕುವುದಕ್ಕೊಂದು ಕ್ರಮ ಇದೆ. ಕುಡಿ ಉಣ್ಣುವವರ ಎಡಕ್ಕೆ. ಉಪ್ಪು, ಉಪ್ಪಿನಕಾಯಿ ಎಡಗಡೆಯ ಮೇಲ್ತುದಿಗೆ. ಅನ್ನ ಈಚೆ, ಕೈಗೆ ಹತ್ತಿರ. ಕಣ್ಣು ಕಾಣದ ಅಮ್ಮ ಮದುವೆಮನೆಯ ಪಂಕ್ತಿಯಲ್ಲಿ ತಡವರಿಸದೆ ಉಣ್ಣುವುದು ಇದರಿಂದಲೇ. ಯಾವುದು ಎಲ್ಲಿದೆ ಎಂದು ಬಡಿಸುವ ಮೊದಲೇ ಅವಳಿಗೆ ಗೊತ್ತು. ದುಂಡು ತಟ್ಟೆಗೆ ಕುಡಿಯಿಲ್ಲ, ಬುಡವಿಲ್ಲ. ಬಡಿಸುವವರು ಯಾವ ಬದಿಯಿಂದ ಬಂದರೂ ಅದಕ್ಕೆ ಒಂದೇ. ಪಲ್ಯ ಆಚೆ ಬದಿಗೆ ಬಿದ್ದರೆ ತಟ್ಟೆಯನ್ನು ಒಂದಿಷ್ಟು ತಿರುಗಿಸಿಕೊಂಡರಾಯಿತು, ಅದು ತಾನೇ ಹತ್ತಿರ ಬರುತ್ತದೆ. ಎಲೆ ಒಂದು ರೀತಿ ಕೈ ಹಿಡಿಯುತ್ತದೆ, ತಟ್ಟೆ ಇನ್ನೊಂದು ರೀತಿ.

ಗುರುವಾರ ಅಮ್ಮನ ಹಳೆಯ ಸ್ಟೀಲ್ ತಟ್ಟೆಯನ್ನೇ ಹುಡುಕಿ ತೆಗೆದೆ. ತಿಕ್ಕಿ ತಿಕ್ಕಿ ಹೊಳಪು ಹೋಗಿದೆ, ಒಂದು ಕಡೆ ಚಿಕ್ಕ ತಗ್ಗು ಬಿದ್ದಿದೆ. ಅಂಚಿನ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅವಳ ಹೆಸರಿದೆ. ಅರ್ಧ ಅಕ್ಷರಗಳು ಸವೆದಿವೆ, ನನ್ನ ಕಣ್ಣಿಗೆ ಪೂರ್ತಿ ಓದಲಾಗಲಿಲ್ಲ. ಮುಂದೆ ಇಟ್ಟ ಕೂಡಲೇ ಬೆರಳು ಸುತ್ತು ಹೊರಟಿತು. ಅರ್ಧ ದಾರಿಯಲ್ಲಿ ಆ ಚುಕ್ಕಿಗಳು ಸಿಕ್ಕವು. ಅಲ್ಲಿ ತುಸು ತಡೆದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿ, ಹೆಸರು ತನ್ನ ಕಡೆಗೆ ಬರುವಂತೆ ಮಾಡಿಕೊಂಡು, "ಹೂಂ, ಈಗ ಬಡಿಸು" ಅಂದಳು.