ಹಸುಳೆಯ ಉಸಿರು ಮತ್ತು ಮೊಹಲ್ಲಾದ ಹೊಣೆ



2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಜನರು ಪ್ರಾಣಬಿಟ್ಟಾಗ ನಾವು ಸರಕಾರವನ್ನು ಪ್ರಶ್ನಿಸಿದೆವು. ಪ್ರಶ್ನಿಸಲೇಬೇಕಿತ್ತು. ಆದರೆ ಈ ಬಾಗಲಗುಂಟೆಯಲ್ಲಿ, ಪೀಣ್ಯದ ಕಾರ್ಮಿಕನೊಬ್ಬನ ದಿನ ತುಂಬದೆ ಹುಟ್ಟಿದ ಹಸುಳೆ ಆಮ್ಲಜನಕದ ನಳಿಕೆಯೊಂದಿಗೆ ಮನೆಗೆ ಬಂದರೆ ನಾವು ಸಿದ್ಧರಿದ್ದೇವೆಯೇ?

ಕಾನ್ಸಂಟ್ರೇಟರ್ ಯಂತ್ರವು ವಿದ್ಯುತ್ತಿನಿಂದ ನಡೆಯುತ್ತದೆ. ಕರೆಂಟ್ ಹೋದರೆ ತುಂಬಿದ ಸಿಲಿಂಡರ್ ಪಕ್ಕದಲ್ಲಿರಬೇಕು. ಹಸುಳೆಗೆ ಹೆಚ್ಚಾಗಿ ನಿಮಿಷಕ್ಕೆ 1 ಲೀಟರಿಗೂ ಕಡಿಮೆ ಸಾಕು. ವೈದ್ಯರು ಬರೆದ ಪ್ರಮಾಣವನ್ನು ಮರುಕದಿಂದಲೂ ಏರಿಸಬಾರದು. ಒಲೆ, ಬೀಡಿ, ಅಗರಬತ್ತಿ, ಸ್ನಾನದ ನಂತರದ ಲೋಬಾನದ ಹೊಗೆ ಯಾವುದೂ ಆ ಕೋಣೆಯಲ್ಲಿ ಕೂಡದು. ಆಮ್ಲಜನಕವು ಕಿಡಿಯನ್ನು ಬೆಂಕಿಯಾಗಿಸುತ್ತದೆ.

ವೈದ್ಯರ ಸಲಹೆ ಪಡೆದು, ಒಂದು ಯಂತ್ರ ಮತ್ತು ಒಂದು ಸಿಲಿಂಡರನ್ನು ಮಸೀದಿ ಕಮಿಟಿಗಳು ಜಾತಿಧರ್ಮ ಕೇಳದೆ ಎರವಲು ಕೊಡಲಿ. ಮಿನಾರಕ್ಕೆ ಚಂದಾ ಎತ್ತುವ ನಾವು ಒಂದು ಉಸಿರಿಗೂ ಎತ್ತೋಣ. ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.