ಮಾಣಿ ದೊಡ್ಡವನಾಗುವುದು ಯಾವಾಗ?

ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ತಂದೆ-ತಾಯಂದಿರೇ, ಇವತ್ತು ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ,

ಬೆಳಿಗ್ಗೆ ಸೋಂದಾಕ್ಕೆ ಹೊರಟಾಗ ನನ್ನ ಆಯಿ, ಅಂದರೆ ಅಮ್ಮ, ಬಾಗಿಲಲ್ಲಿ ನಿಂತು, "ಮಾಣಿ, ಮಳೆ ಬಕ್ಕು, ಕೊಡೆ ತಗಂಡು ಹೋಗು" ಎಂದಳು. ನನಗೀಗ 64. ಮೂವತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಆಯಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ನಾನಿನ್ನೂ ಮಾಣಿ, ಅಂದರೆ ಹುಡುಗ. ಬಯಲುಸೀಮೆಯಲ್ಲಿ ಕೂಸು ಎಂದರೆ ತೊಟ್ಟಿಲಲ್ಲಿರುವ ಮಗು. ಇಲ್ಲಿನ ಹವ್ಯಕರ ಮನೆಗಳಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯೂ ಕೂಸೇ, ಮೀಸೆ ಹಣ್ಣಾದವನೂ ಮಾಣಿಯೇ. ಹಾಗಾದರೆ ಮನುಷ್ಯ ದೊಡ್ಡವನಾಗುವುದು ಯಾವಾಗ? ಮೂವತ್ತು ವರ್ಷ ನಾನು ಪಾಠ ಮಾಡಿದ್ದು ಈ ಒಂದು ಪ್ರಶ್ನೆಯನ್ನೇ ಎಂದು ಈಗ ಅನಿಸುತ್ತದೆ.

ಸೋಂದಾದ ಈ ನೆಲದಲ್ಲಿ ನಿಂತು ಯತಿ ವಾದಿರಾಜರನ್ನು ನೆನೆಯದೆ ಮುಂದೆ ಹೋಗಲಾಗದು. 1600ರಲ್ಲಿ ಅವರು ವೃಂದಾವನಸ್ಥರಾದದ್ದು ಇಲ್ಲೇ. ನನ್ನನ್ನು ಕಾಡುವುದು ಅವರ ಹುಟ್ಟಿನ ಕಥೆ. ಕುಂಭಾಶಿ ಹತ್ತಿರದ ಹೂವಿನಕೆರೆಯ ದಂಪತಿಗೆ ಮಕ್ಕಳಿರಲಿಲ್ಲ. ಮಠದ ಗುರು ವಾಗೀಶತೀರ್ಥರು ಹರಸಿ, ಮಗು ಮನೆಯೊಳಗೆ ಹುಟ್ಟಿದರೆ ನಿಮಗೆ, ಹೊರಗೆ ಹುಟ್ಟಿದರೆ ಮಠಕ್ಕೆ ಎಂದರಂತೆ. ಮಗು ಗದ್ದೆಯಲ್ಲಿ ಹುಟ್ಟಿತು. ಎಂಟನೇ ವಯಸ್ಸಿಗೆ ಸನ್ಯಾಸವಾಯಿತು. ಆ ಹುಡುಗ ಮುಂದೆ ಏನಾದನೆಂಬುದು ಊರಿಗೇ ಗೊತ್ತು. ನಾನು ಯೋಚಿಸುವುದು ಆ ತಾಯಿಯನ್ನು. ದಿನ ತುಂಬಿದ ಮೇಲೆ ಒಂದು ಕೊಡ ನೀರಿಗೆಂದು ಹೊಸ್ತಿಲು ದಾಟುವಾಗಲೂ ಆಕೆಯ ಎದೆ ಹೇಗೆ ಹೊಡೆದುಕೊಂಡಿರಬೇಡ! ಒಂದು ಬದುಕು ಯಾವ ಕಡೆಗೆ ಎನ್ನುವುದು ಹೊಸ್ತಿಲ ಈಚೆ-ಆಚೆಯಲ್ಲಿ ತೀರ್ಮಾನವಾಗುವುದು. ನಕ್ಕುಬಿಡಬೇಡಿ, ನಾವು ಹೊಸ್ತಿಲಿನ ಜಾಗದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಂಡಿದ್ದೇವೆ, ಅಷ್ಟೇ.

ಹುಟ್ಟುವ ಮೊದಲು ನಿಜವಾಗಿ ಏನಾಗುತ್ತದೆ? ಮುಂದೆ ಮೆದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಗರ್ಭ ನಿಂತ ನಾಲ್ಕು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ಬಸುರಾದದ್ದೇ ಆಗ ಗೊತ್ತಿರುವುದಿಲ್ಲ. ಮಗು ಬೇಕೆನ್ನುವವರು ಮೊದಲೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಅದಕ್ಕೇ. ಘಟಿಕೋತ್ಸವದಲ್ಲಿ ಹೇಳುವ ಮಾತಲ್ಲ ಇದು. ಆದರೂ ಇರಲಿ, ನಿಮಗೆ ಬೇಕಾಗುತ್ತದೆ. ಆರೇಳು ತಿಂಗಳಿಗೆ ಕಿವಿ ತೆರೆಯುತ್ತದೆ. ಅಭಿಮನ್ಯು ಹೊಟ್ಟೆಯಲ್ಲಿದ್ದೇ ಚಕ್ರವ್ಯೂಹ ಕಲಿತದ್ದನ್ನು ತಾಳಮದ್ದಳೆಯಲ್ಲಿ ಕೇಳಿದ್ದೇವೆ. ವ್ಯೂಹದ ವಿದ್ಯೆ ಅಲ್ಲಿ ಕಲಿಯಲಾಗದು, ದನಿಯ ಪರಿಚಯ ಮಾತ್ರ ಆಗುತ್ತದೆ. 1980ರಲ್ಲಿ ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹಸುಗೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು ನೋಡಿದರು. ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಲಯದಲ್ಲಿ ಬೇರೊಬ್ಬ ಹೆಂಗಸಿನ ದನಿ. ಹುಟ್ಟಿ ಮೂರು ದಿನವೂ ಆಗಿರದ ಆ ಶಿಶುಗಳು ತಾಯಿಯ ದನಿ ಬರುವ ಹಾಗೆ ಚೀಪುವ ಲಯವನ್ನೇ ಬದಲಿಸಿಕೊಂಡವು.

ನನಗೆ ಆ ಪ್ರಯೋಗ ಓದಿದಾಗಲೆಲ್ಲ ನಮ್ಮ ಮನೆಯ ಅಡಿಕೆ ಸುಲಿಯುವ ರಾತ್ರಿಗಳು ನೆನಪಾಗುತ್ತವೆ. ಜಗುಲಿಯಲ್ಲಿ ಹತ್ತು-ಹನ್ನೆರಡು ಕತ್ತಿ, ಹಸಿ ಸಿಪ್ಪೆಯ ರಾಶಿ, ಒಲೆಯ ಮೇಲೆ ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸಪ್ಪಳದ ನಡುವೆ ಯಾರದೋ ಮದುವೆ, ಯಾರದೋ ಜಗಳ, ನಡುರಾತ್ರಿಗೊಂದು ಚಾ. ಆ ಸಾಲಿನಲ್ಲಿ ಬಸುರಿಯೊಬ್ಬಳು ಇದ್ದೇ ಇರುತ್ತಿದ್ದಳು. ಅವಳ ಹೊಟ್ಟೆಯೊಳಗಿನ ಶ್ರೋತೃವಿಗೆ ಮಾತಿನ ಅರ್ಥ ಬೇಕಿಲ್ಲ, ಏರಿಳಿತ ಸಾಕು.

ಹುಟ್ಟಿದ ಮೇಲೆ ಇನ್ನೊಂದು ಸೋಜಿಗ. ನಮ್ಮ 'ತ' ಮತ್ತು 'ಟ' ಬೇರೆ ಬೇರೆ ಅಕ್ಷರ. ಹಿಂದಿಯಲ್ಲೂ ಹಾಗೇ, ಇಂಗ್ಲಿಷಿನಲ್ಲಿ ಹಾಗಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ಈ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಮಾಯವಾಗಿತ್ತು. ಸುತ್ತಲಿನವರಿಗೆ ಬೇಡವಾದದ್ದನ್ನು ಕಿವಿ ಕೈಬಿಡುತ್ತದೆ. ಕ್ಯಾಲಿಫೋರ್ನಿಯಾದಿಂದ ಬಂದ ನಮ್ಮ ನೆಂಟರ ಮೊಮ್ಮಗ ಚಿತ್ರದ ಪುಸ್ತಕ ತೋರಿಸಿ "ಅಜ್ಜ, ಕಟ್ಟೆ ಹುಲ್ಲು ತಿಂತಾ ಇದೆ" ಎಂದ. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಅಜ್ಜ ಮಾತ್ರ ಪಟ್ಟು ಬಿಡದೆ ಬೇಸಿಗೆ ರಜೆ ಪೂರ್ತಿ ಕತ್ತೆ, ಕಟ್ಟೆ, ಕತ್ತೆ, ಕಟ್ಟೆ ಎಂದು ಹೇಳಿಸಿದ. ವಿಮಾನ ಹತ್ತುವ ಹೊತ್ತಿಗೆ ಹುಡುಗನ ಕತ್ತೆ ಕತ್ತೆಯಾಗಿತ್ತು. ಬಾಗಿಲು ಕಿರಿದಾಗುತ್ತದೆ ನಿಜ, ಚಿಲಕ ಬೀಳುವುದು ಕಡಿಮೆ.

ಬೆಳೆಯಲು ಹಿಡಿಯುವ ಕಾಲವನ್ನೂ ನೋಡಿ. ಇಲ್ಲೇ ಸೋಂದಾದ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಬರುತ್ತವೆ. ಗೂಡು ಕಟ್ಟಿ, ಮರಿ ಮಾಡಿ, ಮಳೆ ಹಿಂದಾಗುತ್ತಲೇ ಮರಿಗಳೊಂದಿಗೆ ಹೊರಟುಹೋಗುತ್ತವೆ. ಒಂದು ಮಳೆಗಾಲದಲ್ಲಿ ಬಾಲ್ಯ ಮುಗಿಯಿತು! ಅಡಿಕೆ ಸಸಿಯೂ ಐದಾರು ವರ್ಷಕ್ಕೆ ಸಿಂಗಾರ ಬಿಡುತ್ತದೆ. ಮನುಷ್ಯನಷ್ಟು ನಿಧಾನವಾಗಿ ಬೆಳೆಯುವ ಪ್ರಾಣಿ ಅಪರೂಪ. ಈ ನಿಧಾನವನ್ನು ನಾನು ದೌರ್ಬಲ್ಯ ಎನ್ನುವುದಿಲ್ಲ. ಹುಟ್ಟಿದ ಊರು, ಮಾತು, ಊಟ, ಭಯ ಎಲ್ಲಕ್ಕೂ ಒಗ್ಗಿಕೊಳ್ಳಲು ಮೆದುಳಿಗೆ ಅಷ್ಟು ಕಾಲ ಬೇಕು.

ಆದರೆ ನಮ್ಮ ಶಾಲೆಗಳಿಗೆ ಅಷ್ಟು ತಾಳ್ಮೆ ಇಲ್ಲ. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಯಲ್ಲಾಪುರದ ಸಿದ್ದಿ ಕೇರಿಗಳಲ್ಲಿ ಮನೆಮಾತು ಕೊಂಕಣಿ, ಗೌಳಿವಾಡಗಳಲ್ಲಿ ಮರಾಠಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಗೌಳಿ ಹುಡುಗನೊಬ್ಬನನ್ನು ಎದುರು ಕೂರಿಸಿಕೊಂಡು ಬುದ್ಧಿ ಪರೀಕ್ಷೆ ಮಾಡಿದೆ. ನಾನು ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ನಾನು ಹೇಳಿದ್ದು ಕನ್ನಡದಲ್ಲಿ. ಮೂರಕ್ಕೆ ನಿಂತ. 'ನಿಧಾನ ಕಲಿಕೆ' ಎಂದು ಬರೆದು ಸಹಿ ಹಾಕಿದೆ. ಸಂಜೆ ಅವರ ದೊಡ್ಡಿಯ ಹತ್ತಿರ ಹಾದುಹೋಗುವಾಗ ಅದೇ ಹುಡುಗ ಬೇಲಿಯ ಮೇಲೆ ಕೂತು ಕಾಡಿನಿಂದ ಬರುವ ಎಮ್ಮೆಗಳನ್ನು ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಿದ್ದ. ಮೂವತ್ತಕ್ಕೂ ಹೆಚ್ಚಿದ್ದವು. ಒಂದು ಬಂದಿರಲಿಲ್ಲ. ಎಣಿಸದೇ ಯಾವುದೆಂದು ಹೇಳಿ, ಕೋಲು ಹಿಡಿದು ಕಾಡಿಗೆ ನಡೆದ.

ನಾಚಿಕೆಯಾದ ಮೇಲೆ ಓದಿಕೊಂಡೆ. ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಆ ಪರೀಕ್ಷೆ ಮಾಡಿದ್ದು, ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ಯಾವ ನೆರವು ಬೇಕೆಂದು ತಿಳಿಯಲಿಕ್ಕೆ. ಬುದ್ಧಿ ಬದಲಾಗದ ವಸ್ತು ಎನ್ನುವವರನ್ನು ಕಂಡರೆ ಬಿನೆಗೆ ಆಗುತ್ತಿರಲಿಲ್ಲ. ಅಮೆರಿಕ ಸುತ್ತಿ ಬಂದ ಆ ಪ್ರಶ್ನೆಗಳನ್ನು 1930ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ವಿ.ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಎರಡೂ ಭಾಷೆಯಲ್ಲಿ, ಗಮನಿಸಿ. ಬಿನೆ–ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಅಷ್ಟು ಹಿಂದೆಯೇ ಕಾಮತರಿಗೆ ಹೊಳೆದದ್ದು, ಅವರ ಪರೀಕ್ಷೆಯನ್ನೇ ಕೈಯಲ್ಲಿ ಹಿಡಿದಿದ್ದ ನನಗೆ ಹೊಳೆದಿರಲಿಲ್ಲ.

ಹದಿಹರೆಯದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಅದರಿಂದ ಈಗಷ್ಟೇ ಎದ್ದು ಬಂದವರು. ಆಸೆ, ಸಿಟ್ಟು, ಗೆಳೆಯರ ಮುಂದೆ ಮೆರೆಯುವ ಹುಕಿ ಬೇಗ ಬಲಿಯುತ್ತವೆ. ತಡೆದು, ತೂಗಿ ನೋಡುವ ಹಣೆಯ ಹಿಂದಿನ ಮೆದುಳು ಪಕ್ವವಾಗಲು 25ರ ಆಸುಪಾಸಿನವರೆಗೂ ಕಾಲ ಹಿಡಿಯುತ್ತದೆ. ಆ ನಡುವಿನ ವರ್ಷಗಳಲ್ಲೇ ಹಾಸ್ಟೆಲಿನ ಕೋಣೆಯಲ್ಲಿ ಒಂದು ಫಲಿತಾಂಶವನ್ನು ಇಡೀ ಬದುಕು ಎಂದುಕೊಂಡು ಕೂತವರನ್ನು ನಾನು ಬಹಳ ನೋಡಿದ್ದೇನೆ. ನಿಮಗೋ, ಪಕ್ಕದ ಕೋಣೆಯವರಿಗೋ ಹಾಗಾದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್, ದುಡ್ಡು ಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಈಗಿನ ವಯಸ್ಸು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಬರೆದಾಗ, ನಾನು ಯಾರು ಎಂಬ ಪ್ರಶ್ನೆಯನ್ನು ಹದಿಹರೆಯಕ್ಕೆ ಕೊಟ್ಟಿದ್ದ. 2000ದಲ್ಲಿ ಜೆಫ್ರಿ ಆರ್ನೆಟ್, 18ರಿಂದ 25ರವರೆಗಿನದು ಬಾಲ್ಯವೂ ಅಲ್ಲ, ಪ್ರೌಢತನವೂ ಅಲ್ಲ, ಬೇರೆಯೇ ಒಂದು ಘಟ್ಟ ಎಂದ. ಹುಡುಕಾಟದ ಕಾಲ, ಕೆಲಸ ಬದಲಿಸುವ, ಊರು ಬದಲಿಸುವ, ಮನಸ್ಸು ಬದಲಿಸುವ ಕಾಲ. ನನಗೆ ಅವನ ಮಾತು ಅರ್ಧ ಒಪ್ಪಿಗೆ. ಆ ಘಟ್ಟ ಎಲ್ಲರಿಗೂ ದಕ್ಕುವುದಿಲ್ಲ. ನಿಮ್ಮೊಡನೆ ಏಳನೇ ಕ್ಲಾಸು ಓದಿ, ಹತ್ತೊಂಬತ್ತಕ್ಕೆ ಮದುವೆಯಾಗಿ, ಈಗ ಕಂಕುಳಲ್ಲಿ ಮಗು ಎತ್ತಿಕೊಂಡು ಬಸ್ಸಿಗೆ ಕಾಯುವ ಗೆಳತಿಯನ್ನು ನೀವು ನೋಡಿಲ್ಲವೇ? ಅವಳಿಗೆ ಯಾವ ಹುಡುಕಾಟ? ನಿಮಗೆ ಸಿಕ್ಕ ಈ ಬಿಡುವಿಗೆ ಯಾರೋ ಬೆಲೆ ತೆತ್ತಿದ್ದಾರೆ. ಅವರಲ್ಲಿ ಕೆಲವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ನಮ್ಮ ಸೀಮೆಯಲ್ಲಿ ದೊಡ್ಡವರಾಗುವುದಕ್ಕೇ ಒಂದು ವಿಚಿತ್ರ ತಿರುವು ಬಂದಿದೆ. ತೋಟ ನೋಡಿಕೊಂಡು ಊರಲ್ಲೇ ಉಳಿದವನಿಗೆ ಹೆಣ್ಣು ಸಿಗುವುದಿಲ್ಲ. ಉತ್ತರ ಭಾರತದಿಂದ ಹೆಣ್ಣು ತರುವ ಮಾತು ಪತ್ರಿಕೆಗಳಲ್ಲೂ ಬಂತು. ನಲವತ್ತಾದರೂ ಅವನು ಮಾಣಿ, ಊರ ಊಟದ ಪಂಕ್ತಿಯಲ್ಲಿ ಬಡಿಸುವವನು. ಅದೇ ಮನೆಯ ಕೂಸು ಬೆಂಗಳೂರಿನಲ್ಲಿ ಸಾಲ ತೆಗೆದು ಫ್ಲ್ಯಾಟ್ ಕೊಂಡಿದ್ದಾಳೆ, ಹತ್ತು ಜನರ ತಂಡ ನಡೆಸುತ್ತಾಳೆ, ಮನೆಗೆ ಬಂದರೆ ಇನ್ನೂ ಕೂಸು. ಇಬ್ಬರಲ್ಲಿ ಯಾರು ದೊಡ್ಡವರಾದದ್ದು? ಮದುವೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಇಬ್ಬರೂ ಆಗಿಲ್ಲ. ಕೊಳೆರೋಗ ಬಂದ ವರ್ಷ ಒಬ್ಬನೇ ನಿಂತು ತೋಟ ಉಳಿಸಿಕೊಂಡ, ಅಪ್ಪನ ಡಯಾಲಿಸಿಸ್ಸಿಗೆ ವಾರಕ್ಕೆರಡು ಸಲ ಶಿರಸಿಗೆ ಓಡಾಡಿದ ಆ ಮಾಣಿಯನ್ನು ನಾನು ಬಲ್ಲೆ. ಯಾವ ಪುಸ್ತಕದ ಘಟ್ಟಕ್ಕೂ ಅವನು ಕಾಯಲಿಲ್ಲ.

ಈ ಭಾಷಣ ಬರೆಯಲು ಕೂತ ರಾತ್ರಿ ಆಯಿಯನ್ನು ಕೇಳಿದೆ, ನಾನು ಹೊಟ್ಟೆಯಲ್ಲಿದ್ದಾಗ ಏನೇನು ಕೇಳಿಸಿಕೊಂಡಿರಬಹುದು ಎಂದು. ಇಷ್ಟು ವರ್ಷ ಸಾವಿರಾರು ವಿದ್ಯಾರ್ಥಿಗಳಿಗೆ ಡಿಕ್ಯಾಸ್ಪರನ ಪ್ರಯೋಗ ಹೇಳಿದವನಿಗೆ ಅವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. ಆ ವರ್ಷ ಮಳೆ ಬಿಡಲೇ ಇಲ್ಲವಂತೆ. ಕಾಯೆಲ್ಲ ಉದುರಿ ಅಪ್ಪ ಮಾತು ನಿಲ್ಲಿಸಿಬಿಟ್ಟಿದ್ದರಂತೆ. ಮನೆ ತುಂಬ ಜನ, ಮಾತಾಡುವವರಿಲ್ಲ. ಅತ್ತೆಗೆ ಗೊತ್ತಾಗದ ಹಾಗೆ ದಿನಾ ಸಂಜೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದಳಂತೆ.

"ನೀನು ಕೇಳಿದ್ದು ಅದ್ನೇ ಆಗಿಕ್ಕು, ಮಾಣಿ" ಎಂದಳು.